ಕ್ಷೇತ್ರಕಾರ್ಯ, ಎರಡನೇ ವಾರ

ಪಾಠದಲ್ಲಿ ಕಲಿತದ್ದು: ಕಲ್ಲು ಬೀಳದಿದ್ದರೆ
ಶಾಂತಿಯಲ್ಲ, ಬರೀ ಬಿಡುವು.
ಅಡಿಗೆರೆ ಎಳೆದಿದ್ದೆ, ಕೆಂಪು ಪೆನ್ನಲ್ಲಿ.

ಕುಷ್ಟಗಿಯಿಂದ ಟಂಟಂ ಹತ್ತಿ ಬಂದರೆ
ಊರು ತಣ್ಣಗಿತ್ತು. ಪೊಲೀಸ್ ವ್ಯಾನು ಹೋಗಿ ಏಳು ತಿಂಗಳು.
ಹಡಪದ ಮುಕ್ಕಣ್ಣನ ಅಂಗಡಿಗೆ ಮಾತ್ರ
ಅಂದಿನಿಂದ ಬೀಗ:
ಕೇರಿಯವರ ತಲೆ ಮುಟ್ಟಿದರೆ ಊರವರು ಬರರು,
ಮುಟ್ಟದಿದ್ದರೆ ಕೇಸು.

ನನ್ನ ಪ್ರಶ್ನಾವಳಿಗೆ ಊರು ಉತ್ತರಿಸಿತು:
"ನಮ್ಮಲ್ಲೇನೂ ಇಲ್ರಿ ಮೇಡಂ, ಚಾ ಕುಡೀರಿ."
ಚಾ ಬಂತು. ಯಾರಿಗೆ ಯಾವ ಲೋಟ,
ಅದಕ್ಕೆ ನನ್ನ ಹಾಳೆಯಲ್ಲಿ ಖಾನೆಯಿರಲಿಲ್ಲ.

ಬುಧವಾರ, ಹೇಳದೆ ಕೇಳದೆ,
ಶಟರು ಅರ್ಧ ಎದ್ದಿತು.
ಹುಬ್ಬಿನ ಮೇಲೆ ಆರು ಹೊಲಿಗೆಯ ದುರುಗಪ್ಪ
ಬಗ್ಗಿ ಒಳಹೊಕ್ಕು, ಕುರ್ಚಿಯಲ್ಲಿ ಕೂತು
ಗದ್ದ ಎತ್ತಿದ.

"ಹೊಸಾ ಬ್ಲೇಡ ಐತಿ," ಎಂದ ಮುಕ್ಕಣ್ಣ.
ಕೈ ನಡುಗುತ್ತಿತ್ತು.
"ಸಾವಕಾಶ," ಎಂದ ಕೂತವ, ಕಣ್ಣು ಮುಚ್ಚಿ.

ಎದುರು ಕಟ್ಟೆಯ ಮೇಲೆ
ಗಡ್ಡಕ್ಕೆ ಕುಷ್ಟಗಿಗೆ ಹೋಗಿಬರುವ ನಾಲ್ವರು.
ಯಾರೂ ಎದ್ದು ಬರಲಿಲ್ಲ.
ಯಾರೂ ಎದ್ದು ಹೋಗಲೂ ಇಲ್ಲ.

ಇದನ್ನು ಯಾವ ಅಧ್ಯಾಯಕ್ಕೆ ಸೇರಿಸಲಿ?
ಗಂಟಲ ಮೇಲೆ ಕತ್ತಿ ಇಳಿಯುವ
ಕರಕರ ಸದ್ದು. ಪೆನ್ನು ತೆರೆದೇ ಇದೆ.
ಒಂದು ಕೆನ್ನೆ ಇನ್ನೂ ಬಾಕಿ.