ಬಾನೆಟ್ಟಿನ ಕೆಳಗ

ಅಕ್ಕಲಕೋಟ ನಾಕಾದಾಗ ವ್ಯಾನು ನಿಲ್ಲಿಸಿ
ಬಾನೆಟ್ ಎತ್ತೀನಿ.
"ಗಡಿಬಿಡಿ ಬ್ಯಾಡ," ಅಂತಾನ ಲಾಡ್ಲೆಸಾಬ,
"ಸೋಲಾಪುರದಿಂದ ಓಡಿ ಬಂದದ.
ಬೆವರಿದ ಮೈಗೆ ತಣ್ಣೀರು ಸುರೀತಾರೇನು?"

ಚಾ ಕುಡಿದ್ವಿ. ಇನ್ನೊಂದು ಕುಡಿದ್ವಿ.
ಅಂಗೈ ಊರಿ ನೋಡಿ, ಆಮ್ಯಾಲೆ
ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದ.
ಆಲ್ಟರ್ನೇಟರಿಗೆ ಹಾಲಿನ ಪಾಕೀಟು ಕಟ್ಟಿದ,
ಕೂಸಿಗೆ ಕುಲಾಯಿ ಕಟ್ಟಿದ್ಹಾಂಗ.
ನೀರಿನ ಪೈಪು ತಂದ ಹುಡುಗನ್ನ ಬೈದು ಕಳಿಸಿದ.
ಒದ್ದಿ ಅರಿವಿ, ಹಲ್ಲುಜ್ಜೋ ಹಳೇ ಬ್ರಷ್ಷು,
ಅಷ್ಟ.

ಬ್ಯಾಟರಿ ಹಿಂದ ಇಲಿ ಗೂಡು:
ಎಸ್ಟಿ ಬಸ್ಸಿನ ಮರಾಠಿ ತಿಕೀಟು,
ನನ್ನ ಮಗಳ ಕಾಪಿಯ ಹರಕ ಹಾಳಿ,
ಅದರಾಗ ಅರ್ಧ ಅಗಸ, ಪೂರಾ ಆನೆ.
ನಡುವ ನಾಕು ಕೆಂಪು ಮರಿ,
ಕಣ್ಣು ಬಿಟ್ಟಿಲ್ಲ.

ಲಾಡ್ಲೆಸಾಬ ಬ್ರಷ್ಷು ಕೆಳಗಿಟ್ಟ.
"ಮೈಂದರ್ಗಿ ಬಾಡಿಗಿಯವ್ರಿಗೆ ಫೋನ್ ಹಚ್ಚು,
ಗಾಡಿ ಕೆಟ್ಟದ ಅನ್ನು.
ಇವು ತಿಕೀಟು ತಗದಾವ,
ಇಳಸಾಕ ಬರೂದಿಲ್ಲ."