ಹಾಲು, ಹಾಳು

ಹೊಸ ಕಂಪ್ಯೂಟರ್ ಬಂದು ಹನ್ನೊಂದು ದಿನ.
ದುರ್ಗಿಗುಡಿಯ ನನ್ನ ಡಿಟಿಪಿ ಅಂಗಡಿಯಲ್ಲಿ
ಅದರ ಮೈಮೇಲಿನ ಪ್ಲಾಸ್ಟಿಕ್ ಪೊರೆ ಕೂಡ ಸುಲಿದಿರಲಿಲ್ಲ.
ನೆಹರೂ ರಸ್ತೆಯ ನೆಲಮಾಳಿಗೆಯಲ್ಲಿ ಕೂತು
ಯೋಗಾನಂದ ಒಂದೊಂದೇ ಭಾಗ ಆಯ್ದು ಜೋಡಿಸಿದ್ದು,
ಎಂಟು ಮತ್ತು ಎಂಟು, ಹದಿನಾರು ಜಿಬಿ ರ‍್ಯಾಮ್;
‘ಇನ್ನು ಐದು ವರ್ಷ ನನ್ನ ಮುಖ ನೋಡಬೇಡಿ’ ಅಂದಿದ್ದ.

ಹನ್ನೆರಡನೆಯ ದಿನ ಗೋಪಾಳದ ಗಿರಾಕಿ
ಗೃಹಪ್ರವೇಶದ ಕಾರ್ಡು ತಂದು ಮೇಜಿಗೆ ಒಗೆದರು.
ಬಂಗಾರದ ಶಾಯಿಯಲ್ಲಿ, ಕಲಶದ ಚಿತ್ರದ ಕೆಳಗೆ:
‘ಬೆಳಿಗ್ಗೆ ಆರಕ್ಕೆ ಹಾಳು ಉಕ್ಕಿಸುವ ಕಾರ್ಯಕ್ರಮ.’
‘ಗೋಪಾಳದಲ್ಲಿ ಒಂದು ಳ ಇದೆಯಲ್ಲಮ್ಮ,
ಅಷ್ಟೇ ಸಾಕಿತ್ತು ನಮಗೆ.’

ಇನ್ನೂರೈವತ್ತು ಕಾರ್ಡು.

ಮುಬೀನಾಳ ಕಡೆ ತಿರುಗಿದೆ.
ಟೈಪು ಮಾಡಿದ್ದು ಅವಳು, ಕರಡು ತಿದ್ದಿದ್ದು ನಾನು.
ಎರಡನೆಯದನ್ನು ಹೇಳಲಿಲ್ಲ.
‘ಮನೇಲಿ ಉರ್ದು, ಬಾಯಲ್ಲಿ ಉರ್ದು,
ಲ ಯಾವುದು ಳ ಯಾವುದು ತಿಳಿಯದಿದ್ದರೆ
ಕೇಳಬಾರದಾ?’
ಗಿರಾಕಿಯ ಎದುರೇ ಅಂದುಬಿಟ್ಟೆ.

ಅವಳು ಕಾರ್ಡು ಎತ್ತಿ ನೋಡಿದಳು,
ಬೆರಳಿಗಂಟಿದ ಬಂಗಾರವನ್ನು ದುಪಟ್ಟಕ್ಕೆ ಒರೆಸಿಕೊಂಡಳು.
‘ಅಕ್ಕಾ, ನಮ್ಮ ಮನೆಯಲ್ಲಿ ಳ ಇಲ್ಲವೇ ಇಲ್ಲ.
ಅಮ್ಮಿಗೆ ಬಾಳೆಹಣ್ಣು ಬಾಲೆಹಣ್ಣು, ಮಳೆ ಬಂದರೆ ಮಲೆ.
ತಪ್ಪಿದರೆ ನಾನು ಆ ಕಡೆಗೆ ತಪ್ಪಬೇಕು.
ಇಲ್ಲದ ಳ ನಾನು ಎಲ್ಲಿಂದ ತರಲಿ?’

ಉತ್ತರ ನನ್ನ ಹತ್ತಿರ ಇರಲಿಲ್ಲ, ಮೆಸ್ಕಾಂಗೆ ಬೈದೆ.
ಆಮೇಲೆ ಯುಪಿಎಸ್‌ಗೆ, ಫಾಂಟಿಗೆ, ವಿಂಡೋಸಿಗೆ.
ಸಂಜೆ ಫೋಟೋಶಾಪ್ ತಾನಾಗಿ ಮುಚ್ಚಿಕೊಂಡಿತು,
ನೀಲಿ ಪರದೆ ಬಂತು.

ಯೋಗಾನಂದನೂ ಬಂದ. ಜೇಬಿನಲ್ಲಿ ಸ್ಕ್ರೂಡ್ರೈವರ್,
ಶಾಲೆ ಮಕ್ಕಳ ರಬ್ಬರು.
ರ‍್ಯಾಮಿನ ಹೊಂಬಣ್ಣದ ಹಲ್ಲು ಉಜ್ಜಿದ, ಊದಿದ,
ಕಿಟಕ್ ಅನ್ನುವವರೆಗೆ ಒತ್ತಿ ಕೂರಿಸಿದ,
ವೇಗ ತಗ್ಗಿಸಿದ. ಆಗಲಿಲ್ಲ.
ಕೊನೆಗೆ ಪೆನ್‌ಡ್ರೈವಿನಿಂದ ಪರೀಕ್ಷೆ ಹಚ್ಚಿ
‘ಬೆಳಗಾಗುವ ತನಕ ಮುಟ್ಟಬೇಡಿ’ ಎಂದು ಷಟರ್ ಎಳೆಸಿದ.

ರಾತ್ರಿಯಿಡೀ ಅದು ಕತ್ತಲಲ್ಲಿ ಒಂಟಿಯಾಗಿ
ಕೋಣೆಗೊಂದು ಸೊನ್ನೆ ಇಟ್ಟು ಬಾಗಿಲು ಹಾಕಿ
ಇಟ್ಟದ್ದು ಇದೆಯೇ ಎಂದು ತೆರೆದು ನೋಡಿರಬೇಕು,
ಮತ್ತೆ ಒಂದು ಇಟ್ಟು, ಮತ್ತೆ ತೆರೆದು.
ಕೋಟಿ ಕೋಟಿ ಕೋಣೆ.
ನಾನು ಒಂದು ಕಾರ್ಡು ಸರಿಯಾಗಿ ಓದಿರಲಿಲ್ಲ.

ಬೆಳಿಗ್ಗೆ ಪರದೆಯ ತುಂಬ ಕೆಂಪು ಸಾಲು,
ಎಲ್ಲದರಲ್ಲೂ ಅದೇ ವಿಳಾಸ:
ಇಟ್ಟದ್ದು ಸೊನ್ನೆ, ಸಿಕ್ಕಿದ್ದು ಒಂದು.
ಎರಡು ಪಟ್ಟಿಗಳಲ್ಲಿ ಒಂದನ್ನು ಕಿತ್ತ; ಶುದ್ಧ.
ಕಿತ್ತದ್ದನ್ನು ಬೇರೆ ಸ್ಲಾಟಿಗೆ ಹಾಕಿದ;
ತಪ್ಪು ಅದರ ಬೆನ್ನು ಹತ್ತಿ ಅಲ್ಲಿಗೂ ಹೋಯಿತು.

ಬಿಲ್ಲಿನ ಹಿಂದೆ ಬರೆದು ತೋರಿಸಿದ:
ಲ ಅಂದರೆ ೧೦೧೧೦೦೧೦.
ಳ ಅಂದರೆ ೧೦೧೧೦೦೧೧.
‘ಕೊನೆಯ ಮನೆಯ ದೀಪ ಆರಿದ್ದರೆ ಲ, ಉರಿದರೆ ಳ.
ಇದರಲ್ಲಿ ಒಂದು ದೀಪ ಆರುವುದೇ ಇಲ್ಲ ಮೇಡಂ.
ಯಾವ ಅಕ್ಷರ ಅಲ್ಲಿ ಹೋಗಿ ಮಲಗುತ್ತದೋ
ಅದರ ಹಣೆಬರಹ.’

ಮುಬೀನಾ ಚಹಾ ತಂದಿಟ್ಟಳು, ಮೂರು ಲೋಟ.
ಅವಳ ಸಂಬಳದಲ್ಲಿ ಹಿಡಿಯುತ್ತೇನೆಂದಿದ್ದ ಕಾರ್ಡಿನ ಖರ್ಚನ್ನು
ಪುಸ್ತಕದಲ್ಲಿ ನನ್ನ ಹೆಸರಿಗೆ ಬರೆದುಕೊಂಡೆ,
ಅವಳಿಗೆ ಕಾಣುವಂತೆ.
‘ಕ್ಷಮಿಸು’ ಅನ್ನುವುದರಲ್ಲಿ ಲ ಇಲ್ಲ, ಳ ಇಲ್ಲ.
ಆದರೂ ಬಾಯಿಗೆ ಬರಲಿಲ್ಲ.

ವಾರಂಟಿಯ ಚೀಟಿಯನ್ನು ಅವಳ ಕೈಗೆ ಕೊಟ್ಟೆ, ನೀನೇ ತುಂಬು ಅಂತ.
‘ದೋಷದ ವಿವರ’ ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಆಮೇಲೆ ಗುಂಡು ಗುಂಡಾಗಿ ಬರೆದಳು:

ಇದಕ್ಕೆ ಲ ಬರುವುದಿಲ್ಲ.
ದಯವಿಟ್ಟು ಬದಲಿಸಿ ಕೊಡಿ.
ಬೈಯಬೇಡಿ.