‘ಕೊಂಡಿತು’ ಎಂಬ ಬಾಲ

ಮಾರ್ಚ್ ತಿಂಗಳು. ಡಂಡೀ ಊರಿನ ಕಡಲಮಂಜು
ಟೇ ನದಿಯ ರೈಲುಸೇತುವೆಯನ್ನು ಅರ್ಧಕ್ಕೇ ನುಂಗಿದೆ.
ಮೂರನೆಯ ಮಹಡಿಯಲ್ಲಿ,
ಇಪ್ಪತ್ತಾರು ಡಿಗ್ರಿಯ ಪೆಟ್ಟಿಗೆಯೊಳಗೆ
ನನ್ನ ಲೀಶ್ಮೇನಿಯಾಗಳು ಈಜುತ್ತಿವೆ.
ಬಾಲ ಇವಕ್ಕೆ ಮುಂದೆ.
ಹಿಂದಿನಿಂದ ತಳ್ಳುವುದಿಲ್ಲ, ಮುಂದಿನಿಂದ ಎಳೆಯುತ್ತದೆ,
ಹಗ್ಗ ಹಿಡಿದವನನ್ನೇ ಎಳೆದೊಯ್ಯುವ ಕರುವಿನ ಹಾಗೆ.

ನಿನ್ನೆ ಸಂಜೆ ಮದ್ದು ಹಾಕಿದ್ದೆ.
ಬೆಳಿಗ್ಗೆ ನೋಡಿದರೆ ಸತ್ತಿವೆ. ಎಲ್ಲವೂ ಅಲ್ಲ, ನೂರಕ್ಕೆ ನಲವತ್ತು.
ಸತ್ತದ್ದರಲ್ಲಿ ಅನುಮಾನವಿಲ್ಲ.
ಅನುಮಾನ ಇರುವುದು ಕ್ರಿಯಾಪದದಲ್ಲಿ.

ಸತ್ತಿತು. ಅಷ್ಟೆಯೋ?
ನಾನು ಕೊಂದೆ. ಅದೂ ಸರಿಯೇ.
ಅಥವಾ ಮದ್ದಿನ ಘಾಟು ಬಡಿದು,
ಒಳಗೆಲ್ಲೋ ಬರೆದಿಟ್ಟಿದ್ದ ಕಾಗದ ಬಿಚ್ಚಿ ಓದಿ,
ಒಲೆ ಆರಿಸಿ, ಪಾತ್ರೆ ಬೋರಲು ಹಾಕಿ,
ತನ್ನನ್ನು ತಾನೇ ಮುಗಿಸಿಕೊಂಡಿತೋ?

ಗೇಣುದ್ದವೂ ಇಲ್ಲದ ಬಾಲ, ‘ಕೊಂಡಿತು’.
ಮಾಡಿಕೊಂಡಿತು, ಇಟ್ಟುಕೊಂಡಿತು, ಹಚ್ಚಿಕೊಂಡಿತು:
ಅಂಟಿಸಿದರೆ ಸಾಕು,
ಕೆಲಸ ತಿರುಗಿ ಮಾಡಿದವರ ಮನೆಗೇ ಬರುತ್ತದೆ.
ಬಂದಾಗ ಬಾಗಿಲು ತೆರೆಯಲು ಒಂದು ‘ತಾನು’ ಬೇಕಲ್ಲ.

ನಮ್ಮ ಮೈಯ ಕೋಶ ಸಾಯುವುದು ಅರ್ಥವಾಗುತ್ತದೆ.
ಅವ್ವನ ಬಸುರಿನಲ್ಲಿ
ನನ್ನ ಬೆರಳುಗಳ ನಡುವಿನ ಪೊರೆ ಸತ್ತದ್ದಕ್ಕೇ
ಇವತ್ತು ಈ ಪೆನ್ನು.
ಇದು ಯಾರ ಬೆರಳಿಗಾಗಿ ಸಾಯಬೇಕು?
ತಾನೇ ಕೈ, ತಾನೇ ಪೊರೆ, ತಾನೇ ಕೂಸು.

ಇಶ್‌ಬೆಲ್ ಯಂತ್ರ ಚಾಲೂ ಮಾಡಿದಳು.
ರೇಷನ್ ಅಂಗಡಿಯ ಸಾಲು, ಆದರೆ ತಳ್ಳಾಟವಿಲ್ಲ,
ಒಂದೊಂದೇ ಕೋಶ ನೀಲಿ ಲೇಸರಿಗೆ ಮುಖ ತೋರಿಸಿ ಹೋಯಿತು.
ಸಾಯಲು ಹೊರಟ ಕೋಶ ಅಂಗಿ ತಿರುವಿ ತೊಡುತ್ತದಂತೆ;
ಒಳಮಗ್ಗುಲ ಕೊಬ್ಬು ಹೊರಬಂದಲ್ಲಿ
ಅನೆಕ್ಸಿನ್ ಕಚ್ಚಿ ಹಸಿರಾಗುತ್ತದೆ.
ಕೆಂಪು ಹೊಕ್ಕರೆ, ಗೋಡೆ ಒಡೆದಿದೆ.
ಹಸಿರಿದ್ದು ಕೆಂಪಿಲ್ಲವೆಂದರೆ
ಬರೆದುಕೋ: ತಾನಾಗಿಯೇ.

ಪರದೆಯ ತುಂಬ ಹಸಿರು.
ಪೆನ್ನಿನ ಮುಚ್ಚಳ ತೆಗೆದೆ.

ಅಷ್ಟರಲ್ಲಿ ಕೊಬ್ಬು ತೂಗುವ ಪಕ್ಕದ ಕೋಣೆಯಿಂದ ಚೀಟಿ:
ನೀವು ಹುಡುಕುವ ಆ ಕೊಬ್ಬು ಇದರ ಮೈಯಲ್ಲಿ ಇಲ್ಲವೇ ಇಲ್ಲ.
ಬಣ್ಣ ಬೇರೆ ಯಾವುದನ್ನೋ ಕಚ್ಚಿದೆ,
ದೂರದ ನೆಂಟನನ್ನು ಮದುಮಗನೆಂದು ತಬ್ಬಿದ ಹಾಗೆ.

ಇಶ್‌ಬೆಲ್ ನಕ್ಕಳು. ಅವಳಜ್ಜಿ ಸೆಣಬಿನ ಗಿರಣಿಯಲ್ಲಿ ನೇಯುತ್ತಿದ್ದವಳು.
ಮಗ್ಗಗಳ ಅಬ್ಬರಕ್ಕೆ ಕಿವಿ ಹೋಗಿ
ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಳಂತೆ.
ಕಣ್ಣೂ ಮಂಜಾದ ಮೇಲೆ
ಕೇಳಿದ್ದಕ್ಕೆಲ್ಲ ‘ಹೌದು’.
ಚಹಾ ಬೇಕೇ? ಹೌದು.
ಹೊರಗೆ ಮಳೆಯೇ? ಹೌದು.
ಯಾರಜ್ಜೀ ತೀರಿಕೊಂಡದ್ದು? ಹೌದು.

ತೀರಿ, ಕೊಂಡದ್ದು.
ಎಂಬತ್ತರ ಮುದುಕಿ ನಿದ್ದೆಯಲ್ಲಿ ಹೋದರೂ
ಆ ಬಾಲವನ್ನು ನಾವು ಬಿಡುವುದಿಲ್ಲ.
ನನಗಿದು ಹೊಳೆದದ್ದು ಈಗ,
ಅವಳಿಗೆ ಹೇಗೆ ಅನುವಾದಿಸಲಿ?

ಇನ್ನೊಂದಿದೆ.
ಮರಳುನೊಣ ಕಚ್ಚಿದಾಗ ಸತ್ತವೂ ಬದುಕಿದ್ದವೂ ಒಟ್ಟಿಗೇ ಇಳಿಯುತ್ತವೆ.
ಸತ್ತದ್ದನ್ನು ನುಂಗಿದ ನಮ್ಮ ಕಾವಲಿನವನು
ತೃಪ್ತಿಯಿಂದ ತೂಕಡಿಸುತ್ತಾನೆ;
ಆ ಹೊತ್ತಿಗೆ ಬದುಕಿದ್ದವು ಮನೆ ಹೊಕ್ಕಿರುತ್ತವೆ.
ಹಾಗಾದರೆ ‘ಕೊಂಡಿತು’ ಅಲ್ಲವೇನೋ.
ಬರೆದುಕೊಟ್ಟಿತು, ಹೊತ್ತುಕೊಟ್ಟಿತು ಎನ್ನುವಂತೆ
ಸತ್ತುಕೊಟ್ಟಿತು?
ವ್ಯಾಕರಣ ಒಪ್ಪುತ್ತದೋ ಇಲ್ಲವೋ.
ಕಾಯಿಲೆ ಬಿದ್ದವರ ಗುಲ್ಮ ಮಾತ್ರ
ಹೊಕ್ಕುಳ ದಾಟಿ ಊದುತ್ತದೆ.

ನಾಳೆ ಬೇರೆ ಬಣ್ಣ, ಬೇರೆ ಪ್ರಶ್ನೆ.
ಪ್ರಯೋಗದ ಪುಸ್ತಕದಲ್ಲಿ ‘ಸತ್ತು’ ಎಂದು ಬರೆದು
ಮುಂದೆ ಒಂದು ಪದದಷ್ಟು ಜಾಗ ಬಿಟ್ಟೆ.
ಬಾಗಿಲಲ್ಲಿ ನಿಂತು ಇಶ್‌ಬೆಲ್ ಏನೋ ಕೇಳಿದಳು.
ಯಂತ್ರದ ಗದ್ದಲ, ತುಟಿ ಮಾತ್ರ ಆಡಿದ್ದು ಕಂಡಿತು.

ಹೌದು, ಅಂದೆ.